ಸೋಮವಾರದ ಪಟ್ಟಿಯಿಂದ ಬಿದ್ದ ಹೆಸರು

ಶಿವಮ್ಮಜ್ಜಿಯ ಕಣ್ಣಿನ ಆಪರೇಷನ್ ತಪ್ಪಿದ್ದು ಕಂಪ್ಯೂಟರ್ ಆಪರೇಟರ್ ಶಬಾನಾ ತಪ್ಪು ಬಟನ್ ಒತ್ತಿದ್ದರಿಂದ ಎಂದು ಹೇಳುವವರು ಇವತ್ತಿಗೂ ಇದ್ದಾರೆ. ಈ ಮಾತಿಗೆ ಆಧಾರವೇನು? ಆಧಾರ ನಾನು. ಅದನ್ನು ಮೊದಲು ಹೇಳಿ, ವಾದಿಸಿ ಗೆಲ್ಲಿಸಿದವನು ನಾನೇ.

ಮೂರು ವರ್ಷಗಳ ಹಿಂದೆ ಚಾಮರಾಜನಗರದ ಒಂದು ಖಾಸಗಿ ಕಣ್ಣಿನ ಆಸ್ಪತ್ರೆಗೆ ಸಾಫ್ಟ್‌ವೇರ್ ಬರೆದುಕೊಟ್ಟಿದ್ದೆ. ಗುಂಡ್ಲುಪೇಟೆಯ ಶಿಬಿರದಲ್ಲಿ ಪೊರೆ ಬಂದವರ ಹೆಸರು, ಆಪರೇಷನ್ ದಿನಾಂಕ ತುಂಬಿದರೆ ಆಯಾ ದಿನದ ಪಟ್ಟಿ ತಾನಾಗಿ ಸಿದ್ಧವಾಗುತ್ತಿತ್ತು. ಮೈಸೂರಿನ ಸರ್ಜನ್ ಬರುತ್ತಿದ್ದದ್ದು ತಿಂಗಳಿಗೆ ಎರಡೇ ದಿನ, ಸೋಮವಾರ ಮತ್ತು ಮಂಗಳವಾರ.

ಶಿಬಿರದ ದಿನ ನಾನು ಶಬಾನಾ ಪಕ್ಕದ ಮೇಜಿನಲ್ಲೇ ಇದ್ದೆ. ಸೋಮವಾರ ಎಂದು ನಮೂದಾದದ್ದೇ ಅಜ್ಜಿ ಸಿಡುಕಿದರು.

"ಸೋಮಾರ ಎತ್ತಿನ ಎಗಲ್ಮೇಲೇ ನೊಗ ಇಡಕ್ಕಿಲ್ಲ, ನನ್ ಕಣ್ಗೆ ಕತ್ತಿ ಇಡ್ತೀರಾ? ಮಂಗ್ಳಾರಕ್ಕೆ ಆಕ್ಬುಡು."

ಪರದೆಯಲ್ಲಿ ದಿನಾಂಕ ಬದಲಿಸುವ ಡೈಲಾಗ್ ಬಾಕ್ಸ್ ತೆರೆದ ಶಬಾನಾ ಪಟ್ಟಿ ನೋಡಿ ನಕ್ಕಳು. "ಮಂಗಳವಾರ ಫುಲ್ಲು ಅಜ್ಜಿ. ನಿಮ್ ಶಿವನ ದಿನಾನೇ ಬೆಳಕು ಬಂದ್ರೆ ಬ್ಯಾಡ ಅಂತೀರಾ?"

"ಮಾತಲ್ಲಿ ಗೆದ್ಬುಟ್ಟೆ ಕಣಮ್ಮಿ! ಸೋಮಾರವೇ ಇರ್ಲಿ ಬುಡು."

ಶಬಾನಾ ಬಾಕ್ಸ್ ಮುಚ್ಚಿದಳು. ನಾನೂ ನಕ್ಕಿದ್ದೆ.

ಸೋಮವಾರ ಅಜ್ಜಿ ಹಣೆಗೆ ವಿಭೂತಿ ಹಚ್ಚಿಕೊಂಡು ಆಸ್ಪತ್ರೆಯ ವ್ಯಾನಿನಲ್ಲಿ ಬಂದರು. ಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಸರ್ಜನ್ ತಂದದ್ದು ಪಟ್ಟಿಯವರ ಅಳತೆಯ ಲೆನ್ಸ್‌ಗಳನ್ನು ಮಾತ್ರ. ಅಜ್ಜಿ ವಾಪಸ್ಸಾದರು.

ಸಂಜೆ ಆಡಳಿತಾಧಿಕಾರಿಯ ಕೋಣೆಯಲ್ಲಿ ವಿಚಾರಣೆ.

"ನಾನು ಕ್ಯಾನ್ಸಲ್ಲೇ ಒತ್ತಿದ್ದು ಸರ್. ಮೊದಲಿನ ದಿನಾಂಕ ಹಂಗೇ ಇರ್ಬೇಕಿತ್ತು," ಎಂದಳು ಶಬಾನಾ.

"ನೀವು ತಪ್ಪು ಬಟನ್ ಒತ್ತಿದ್ದೀರಿ. ಕ್ಯಾನ್ಸಲ್ಲೇ ಒತ್ತಿದ್ರಿ ಅನ್ನೋದಕ್ಕೆ ಪುರಾವೆ ಏನು?" ಎಂದೆ.

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನನಗೆ ಕಪ್ ತಂದುಕೊಟ್ಟ ಪಟ್ಟು ಅದು: ಸಾಬೀತುಪಡಿಸುವ ಹೊರೆಯನ್ನು ಎದುರಾಳಿಯ ತಲೆಗೆ ಹೊರಿಸು. ಯಾವ ಬಟನ್ ಒತ್ತಲಾಯಿತೆಂಬ ದಾಖಲೆಯನ್ನು ಸಾಫ್ಟ್‌ವೇರ್ ಇಡುತ್ತಿರಲಿಲ್ಲ. ಇಡದಂತೆ ಬರೆದವನು ನಾನು. ಅಜ್ಜಿ ಸೋಮವಾರಕ್ಕೆ ಒಪ್ಪಿದ್ದಕ್ಕಂತೂ ಸಾಕ್ಷಿ ಇತ್ತು. ಆ ಸಾಕ್ಷಿಯೂ ನಾನೇ. ಬಾಯಿ ಬಿಡಲಿಲ್ಲ. ಶಬಾನಾ ಆ ವಾರವೇ ಕೆಲಸ ಬಿಟ್ಟಳು.

ಆಮೇಲೆ, ಯಾರೂ ಇಲ್ಲದಾಗ, ಅದೇ ಬಾಕ್ಸ್ ತೆರೆದು ಕ್ಯಾನ್ಸಲ್ ಒತ್ತಿದೆ. ದಿನಾಂಕ ಮಾಯ, ಹೆಸರು ಪಟ್ಟಿಯಿಂದ ಹೊರಗೆ. ಖಾಲಿ ಬಾಕ್ಸ್‌ಗೆ ಓಕೆ ಒತ್ತಿದರೂ ಕ್ಯಾನ್ಸಲ್ ಒತ್ತಿದರೂ ಪ್ರೋಗ್ರಾಂಗೆ ಸಿಗುತ್ತಿದ್ದದ್ದು ಒಂದೇ, ಖಾಲಿ ಉತ್ತರ. ಎರಡನ್ನೂ ಬೇರ್ಪಡಿಸುವ ಒಂದು ಸಾಲನ್ನು ನಾನು ಬರೆದಿರಲಿಲ್ಲ. ಖಾಲಿಯನ್ನೇ ದಿನಾಂಕವೆಂದು ಅದು ಉಳಿಸಿಬಿಡುತ್ತಿತ್ತು. ಪರೀಕ್ಷಿಸುವಾಗ ನಾನು ಓಕೆ ಮಾತ್ರ ಒತ್ತಿದ್ದೆ. ಬದಲಿಸಲು ಹೊರಟು, ಬೇಡ ಬಿಡು ಎನ್ನುವವರು ನನ್ನ ಲೆಕ್ಕದಲ್ಲೇ ಇರಲಿಲ್ಲ.

ಸಾಲು ಸೇರಿಸಿದೆ. ಬಾಯಿ ಮಾತ್ರ ಮುಚ್ಚಿಕೊಂಡೇ ಇದ್ದೆ.

ಮುಂದಿನ ತಿಂಗಳು ವ್ಯಾನು ಹೋದಾಗ ಅಜ್ಜಿ ಹತ್ತಲಿಲ್ಲವಂತೆ. "ಶಿವ್ನೇ ಬ್ಯಾಡ ಅಂದ್ಬುಟ್ಟ. ನಾನ್ಯಾಕ್ ಬರ್ಲಿ?" ಅಂದರಂತೆ.

ಕ್ಯಾನ್ಸಲ್ ಒತ್ತಿದ ಮೇಲೆ ಎಲ್ಲವೂ ಮೊದಲಿದ್ದಂತೆಯೇ ಇರಬೇಕು. ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ನಾನು ಆಡಿದ ಮಾತಿಗೆ ಅಂಥ ಬಟನ್ ಇರಲಿಲ್ಲ.

ಕಳೆದ ತಿಂಗಳು ಆಸ್ಪತ್ರೆಗೆ ಎಲ್ಲವನ್ನೂ ಬರೆದುಕೊಟ್ಟೆ. ಅಲ್ಲಿಂದ ಗುಂಡ್ಲುಪೇಟೆಗೆ ಹೋದೆ. ಶಬಾನಾ ಈಗ ತಂದೆಯ ಟೈಲರ್ ಅಂಗಡಿಯಲ್ಲಿದ್ದಾಳೆ. ನಾನು ಹೇಳಿ ಮುಗಿಸುವವರೆಗೂ ಹೊಲಿಗೆ ಯಂತ್ರ ನಿಲ್ಲಿಸಿಕೊಂಡು ಕೇಳಿದಳು.

"ನನ್ ವಿಷಯ ಬಿಡಿ ಸರ್," ಎಂದಳು. "ಬ್ಯಾಡ ಅಂದಿದ್ದು ಶಿವ ಅಲ್ಲ ಅಂತ ಅಜ್ಜಿಗೆ ಹೇಳಿದ್ರಾ?"