ಕನ್ನಡಕವನ್ನು ಮರೆತ ಲೆನ್ಸು

ಹೋದ ಭಾನುವಾರ ಒಂದು ಮದುವೆಯ ವಿಡಿಯೋ ನೋಡಿದೆ. ಮದುಮಕ್ಕಳನ್ನು ಬಿಟ್ಟು ಉಳಿದವರೆಲ್ಲ ಚೆನ್ನಾಗಿ ಬಂದಿದ್ದರು. ತಪ್ಪು ನನ್ನದು.

ವಿಕ್ರೋಳಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಲೆನ್ಸ್ ಡಿಸೈನ್ ಮಾಡುವುದು ನನ್ನ ಹೊಟ್ಟೆಪಾಡು. ಆರು ತಿಂಗಳಿಂದ ವಿಡಿಯೋ ಕ್ಯಾಮೆರಾದ ವ್ಯೂಫೈಂಡರ್ ಹಿಂದೆ ಬಿದ್ದಿದ್ದೆ. ಕ್ಯಾಮೆರಾದವನು ಒಂದು ಕಣ್ಣು ಮುಚ್ಚಿ ಇಣುಕುತ್ತಾನಲ್ಲ, ಅದೇ. ಅದರೊಳಗೆ ಹೆಬ್ಬೆರಳ ಉಗುರಿನಷ್ಟು ಕಪ್ಪು-ಬಿಳುಪು ಟಿವಿ ಇರುತ್ತದೆ. ಅದನ್ನು ಕಣ್ಣಿಗೆ ದೊಡ್ಡದಾಗಿ ತೋರಿಸಬೇಕು, ಅಷ್ಟೇ. ಸುಲಭ ಅನ್ನಿಸುತ್ತದೆಯೇ? ದೊಡ್ಡದು ಮಾಡಿದರೆ ಅಂಚಿನ ಗೆರೆಗಳು ಬಾಗುತ್ತವೆ. ಗೆರೆ ನೆಟ್ಟಗಾದರೆ ಮೂಲೆ ಮಸುಕಾಗುತ್ತದೆ. (ಮಸುಕಾದದ್ದು ನನ್ನ ತಲೆ ಎನ್ನುತ್ತಾಳೆ ಹೆಂಡತಿ.) ಕೊನೆಗೊಂದು ದಿನ ನಾಲ್ಕೂ ಮೂಲೆ ಸ್ವಚ್ಛವಾಗಿ ಕಂಡವು.

ಆಗಲೇ ಪಾರ್ಲೆಯ ನಮ್ಮ ಬಿಲ್ಡಿಂಗಿನ ನಾಗರಾಜರಾಯರ ದೊಡ್ಡ ಮಗಳ ಮದುವೆ, ಮಾಟುಂಗದಲ್ಲಿ. ವಿಡಿಯೋ ತೆಗೆಯುವ ಉಡುಪಿಯ ಸುಧಾಕರನ ಕ್ಯಾಮೆರಾ ಲೋಕಲ್ ಟ್ರೇನಿನ ನೂಕುನುಗ್ಗಲಲ್ಲಿ ಬಿದ್ದು, ಇಣುಕುವ ಲೆನ್ಸ್ ಒಡೆದಿತ್ತು. ಫಾರಿನ್ನಿಂದ ಬೇರೆಯದು ಬರಲು ತಿಂಗಳುಗಳೇ ಬೇಕು. ನಾನು ಎದೆಯುಬ್ಬಿಸಿ ನನ್ನ ಲೆನ್ಸ್ ಕೂರಿಸಿಕೊಟ್ಟೆ.

ಭಾನುವಾರ ರಾಯರ ಮನೆಯಲ್ಲಿ ಎಲ್ಲರೂ ಸೇರಿ ಕ್ಯಾಸೆಟ್ ಹಾಕಿದೆವು. ಪರದೆಯ ನಡುವೆ ಮದುಮಕ್ಕಳು ಗೊಂಬೆಗಳಷ್ಟು ಚಿಕ್ಕದಾಗಿ ಕಂಡರು. ಸುತ್ತಲೂ ಇಡೀ ಛತ್ರ. ವಾಚು ನೋಡಿಕೊಳ್ಳುವ ಪುರೋಹಿತರು. ಪಕ್ಕದವಳ ಸೀರೆಯ ಸೆರಗನ್ನು ಬೆರಳಲ್ಲಿ ಉಜ್ಜಿ ನೋಡುವ ಯಾರದೋ ಅತ್ತೆ. ಹಿಂದೆ ಜಹಾಂಗೀರಿನ ತಟ್ಟೆಯ ಹತ್ತಿರ ನಾನು. (ಮೂರನೆಯದು.)

ಸುಧಾಕರ ಕಂಗಾಲಾದ. "ಫ್ರೇಮಲ್ಲಿ ಅವರಿಬ್ಬರೇ ಇದ್ದದ್ದು ಮಾರಾಯ್ರೆ. ಇವರೆಲ್ಲ ಎಲ್ಲಿಂದ ಬಂದ್ರು?"

ಆಗ ಅವನ ಮುಖ ನೋಡಿದೆ. ದಪ್ಪ ಗಾಜಿನ ಕನ್ನಡಕ! ನನಗೆ ಕನ್ನಡಕವಿಲ್ಲ. ಕಣ್ಣನ್ನು ಲೆನ್ಸಿಗೆ ಒತ್ತಿಕೊಂಡೇ ನೋಡಿದವನು ನಾನು. ಕನ್ನಡಕದಿಂದಾಗಿ ಅವನ ಕಣ್ಣು ಅಷ್ಟು ದೂರ ಉಳಿದು, ಚಿತ್ರದ ನಡುಭಾಗ ಮಾತ್ರ ಕಂಡಿದೆ. ಅಷ್ಟೇ ಪೂರ್ತಿ ಚಿತ್ರ ಎಂದುಕೊಂಡಿದ್ದಾನೆ, ಪಾಪ. ಆರು ತಿಂಗಳು ಲೆಕ್ಕ ಹಾಕಿದವನಿಗೆ ಲೋಕದಲ್ಲಿ ಕನ್ನಡಕದವರೂ ಇದ್ದಾರೆಂಬುದು ಹೊಳೆಯಬಾರದೇ?

ರಾಯರು ತಣ್ಣಗೆ, ಮತ್ತೊಮ್ಮೆ ತೆಗೆಯಲು ಆಗುತ್ತದೆಯೇ ಎಂದು ಕೇಳಿದರು. ಧಾರೆಯನ್ನು ಎರಡು ಸಲ ಎರೆಯುವುದುಂಟೇ?

ಅಷ್ಟರಲ್ಲಿ ಅವರ ಹೆಂಡತಿ ಸರೋಜಮ್ಮ ಕ್ಯಾಸೆಟ್ ಹಿಂದಕ್ಕೆ ತಿರುಗಿಸಲು ಹೇಳಿದರು.

ಧಾರೆ ಎರೆದು ಮುಗಿದ ಹೊತ್ತು. ಎಲ್ಲರ ಕಣ್ಣೂ ಮದುಮಕ್ಕಳ ಮೇಲೆ. ಪರದೆಯ ಎಡಮೂಲೆಯಲ್ಲಿ ರಾಯರು ಶಲ್ಯದಿಂದ ಕಣ್ಣೊರೆಸಿಕೊಳ್ಳುತ್ತಿದ್ದಾರೆ. ಪಕ್ಕಕ್ಕೆ ಅವರ ತಮ್ಮ ವಾಸು ಬಂದು ನಿಂತ. ಅಮ್ಮನ ತಿಥಿ ಯಾರ ಮನೆಯಲ್ಲಿ ಎಂಬ ಜಗಳದಲ್ಲಿ ಎಂಟು ವರ್ಷದಿಂದ ಮಾತು ಬಿಟ್ಟಿದ್ದವನು. ನೀರಿನ ಲೋಟ ಚಾಚಿದ. ಎಂಜಲೆಂದರೆ ಮಾರುದೂರ ಹಾರುವ ರಾಯರು ಅದನ್ನು ಕಚ್ಚಿ ಅರ್ಧ ಕುಡಿದು ಹಿಂದಕ್ಕೆ ಕೊಟ್ಟರು. ಉಳಿದದ್ದನ್ನು ವಾಸು ಕುಡಿದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಸರೋಜಮ್ಮ ಗಂಡನ ಕಡೆ ತಿರುಗಿದರು.

"ಬಾಯಾರಿತ್ತು," ಎಂದರು ರಾಯರು.

"ಎಂಟು ವರ್ಷದಿಂದಾನಾ?" ಎಂದರು ಸರೋಜಮ್ಮ.

ರಾಯರು ಎದ್ದು ಷರಟು ಹಾಕಿಕೊಂಡು, ಡೊಂಬಿವಲಿಗೆ ಹೋಗಿ ಬರುತ್ತೇನೆ ಎಂದು ಮೆಟ್ಟಿಲಿಳಿದರು. ವಾಸು ಇರುವುದು ಅಲ್ಲಿ. ಊಟಕ್ಕೆ ಅವನನ್ನೂ ಕರೆದುಕೊಂಡೇ ಬಂದರು.

ಸೋಮವಾರದಿಂದ ನಾನು ಲೆನ್ಸನ್ನು ಮತ್ತೆ ಮೊದಲಿನಿಂದ ಶುರು ಮಾಡಿದೆ. ಈ ಸಲ ಕನ್ನಡಕಕ್ಕೂ ಜಾಗ ಬಿಟ್ಟು. ಮಂಗಳವಾರ ಸರೋಜಮ್ಮ ಮೆಟ್ಟಿಲ ಮೇಲೆ ಹಿಡಿದು ನಿಲ್ಲಿಸಿದರು.

"ಅದನ್ನ ಈಗ್ಲೇ ಸರಿ ಮಾಡ್ಬೇಡಿ. ಮಾಘದಲ್ಲಿ ಚಿಕ್ಕವಳ ಮದುವೆ. ನಮ್ಮಕ್ಕನೂ ಬರ್ತಾಳೆ. ನಮ್ಮಿಬ್ಬರಿಗೂ ಮಾತಿಲ್ಲ, ನಿಮಗೆ ಗೊತ್ತಲ್ಲ."

ನೀವೇ ಹೇಳಿ, ಈಗ ನಾನು ಯಾರ ಕಣ್ಣಿಗೆ ಲೆನ್ಸ್ ಮಾಡಲಿ?