ಕೊನೆಯ ನುಡಿಯಲ್ಲಿ ಅಂಜನಪ್ಪ

ಅಲಸೂರು ಕೆರೆಯ ಹತ್ತಿರದ ಬಾಡಿಗೆ ಹಾಲ್‌ನಲ್ಲಿ ಕಿಟಕಿಗಳಿಗೆಲ್ಲ ಕಂಬಳಿ ಬಿಗಿದಿದ್ದಾರೆ. ಜಟಕಾಗಳು ರಸ್ತೆಗಿಳಿಯುವ ಮುಂಚೆ ಹಾಡು ಮುಗಿಯಬೇಕು. ಗೊರಸಿನ ಸದ್ದು ಹಾಡು ಕೊರೆಯುವ ಮೇಣದ ತಟ್ಟೆಯ ಮೇಲೆ ಕೂತರೆ ತೆಗೆಯಲಾಗದು. ಬೆಳಕು ಹರಿಯುವ ಹೊತ್ತಿಗೆ ಕಮರುನ್ನೀಸಾ ಬಿಸಿನೀರು ಗುಟುಕರಿಸಿ ಮೈಕಿನ ಮುಂದೆ ನಿಲ್ಲುತ್ತಾರೆ. ವಯಸ್ಸು ಅರವತ್ತರ ಹತ್ತಿರ. ಅವರ ದನಿ ಗ್ರಾಮಫೋನ್ ಪ್ಲೇಟಿಗೆ ಇಳಿಯುತ್ತಿರುವುದು ಇದೇ ಮೊದಲು.

ದಂಡಿನ, ಅಂದರೆ ಬ್ರಿಟಿಷರ ಕಂಟೋನ್ಮೆಂಟಿನ, ಡ್ಯಾನ್ಸ್ ಹಾಲುಗಳಲ್ಲಿ ಗೋರಾ ಸೋಲ್ಜರುಗಳ ಮುಂದೆ ಜಾಜ್ ಹಾಡಿಕೊಂಡು ಬಂದವರು ಇವರು. ಯುದ್ಧ ಮುಗಿದು ಸೋಲ್ಜರುಗಳು ಹಡಗು ಹತ್ತಿದ ಮೇಲೆ ಹಾಲುಗಳು ಖಾಲಿ. ಈಗ ದಂಡಿನದೇ ಬಡಾವಣೆಯಾದ ಬ್ಲಾಕ್‌ಪಳ್ಳಿಯ ಮನೆಯಲ್ಲಿ ಕೂತು ದರ್ಜಿಗಳಿಗೆ ಶೇರ್ವಾನಿಯ ಗುಂಡಿಗಳಿಗೆ ಕಾಜಾ ಹೊಲಿದು ಕೊಡುತ್ತಾರೆ. ಸೂಜಿ ಆಡುವಾಗ ತುಟಿಯೂ ಆಡುತ್ತಿರುತ್ತದೆ.

ತುಟಿಯ ಮೇಲಿರುವ ಹಾಡುಗಳು ಮುನಿಅಂಜನಪ್ಪನವರವು. ಅಲಸೂರಿನ ಈ ಕ್ಲಾರಿನೆಟ್ ವಾದಕರು ಜಾಜ್ ನಡೆಗೆ ಕನ್ನಡ ಹಾಡು ಕಟ್ಟಿದ್ದರು. ಗೋರಾಗಳು ಎದ್ದುಹೋದ ಮೇಲೆ, ಕುರ್ಚಿ ಎತ್ತಿಡುವವರ ಎದುರು ಇಬ್ಬರೂ ಅವನ್ನು ನುಡಿಸಿ ಹಾಡುತ್ತಿದ್ದರು. ಕ್ಷಯ ಅಂಜನಪ್ಪನವರನ್ನು ಕೊಂಡೊಯ್ದಿತು. "ಅವರು ಬರೆದಿಡ್ತಿರ್ಲಿಲ್ಲ. ಊದಿ ತೋರ್ಸೋರು, ನಾನು ಹಿಡ್ಕೊಳ್ಳೋಳು. ನಾನು ಹೋದ್ರೆ ಹಾಡೂ ಹೋಗುತ್ತೆ. ಅದಕ್ಕೇ ಈ ಹಠ," ಅನ್ನುತ್ತಾರೆ ಕಮರುನ್ನೀಸಾ.

ದೇವರನಾಮದ ಕೊನೆಗೆ ಅಂಕಿತ ಬರುವಂತೆ ಅಂಜನಪ್ಪನವರೂ ಕೊನೆಯ ನುಡಿಯಲ್ಲಿ ತಮ್ಮ ಹೆಸರಿಟ್ಟಿದ್ದಾರೆ:

ಹೋಗುವೆನೆನ್ನಬೇಡ, ಬರುವೆನೆನ್ನೋ ಗೆಳೆಯ,
ಅಲಸೂರ ಅಂಜನ ಬಾಗಿಲಲ್ಲೇ ಇರುವ.

ತೊಂದರೆಯೂ ಅಲ್ಲೇ. ಪ್ಲೇಟಿನ ಒಂದು ಮಗ್ಗುಲಿಗೆ ಮೂರು ನಿಮಿಷ ಚಿಲ್ಲರೆ. ಹಾಡು ಅದಕ್ಕಿಂತ ಉದ್ದ. ಕೊನೆಯ ನುಡಿ ಬಿಡಿ ಅನ್ನುತ್ತಾರೆ ರೆಕಾರ್ಡ್ ಕಂಪನಿಯ ಚಲುವಯ್ಯ. ಕಮರುನ್ನೀಸಾ ಬೇರೆಯದನ್ನು ಬಿಡುತ್ತೇನೆನ್ನುತ್ತಾರೆ: ಎರಡನೆಯ ನುಡಿಯಾದ ಮೇಲೆ ಮಾತಿಲ್ಲದೆ ಬರೀ ದನಿಯಲ್ಲಿ ಹಾರುವ ತಮ್ಮ ಕೂಗನ್ನು. ದಂಡಿನಲ್ಲಿ ಅವರು ಹೆಸರಾದದ್ದೇ ಅದರಿಂದ.

"ಅಮ್ಮಾ, ಜನ ಪ್ಲೇಟ್ ತಗೊಳ್ಳೋದೇ ಆ ಕೂಗಿಗೆ!"

"ಚಲುವಯ್ಯನೋರೇ, ಕೂಗೋಕೆ ಕೋಳಿ ಐತೆ. ಅವರ ಹೆಸರು ಹೇಳೋಕೆ ನಾನೊಬ್ಳೇ."

ರೆಕಾರ್ಡಿಂಗಿನ ಕೆಂಪು ದೀಪ ಹೊತ್ತಿಕೊಳ್ಳುತ್ತದೆ. ಎರಡನೆಯ ನುಡಿ ಮುಗಿಯುತ್ತಲೇ ರೂಢಿ ಗೆದ್ದುಬಿಡುತ್ತದೆ. ಗಂಟಲು ತಾನಾಗಿ ಕೂಗು ಎತ್ತುತ್ತದೆ. ಇನ್ನು ಕೊನೆಯ ನುಡಿಗೆ ಜಾಗವಿಲ್ಲ, ತಟ್ಟೆ ಹಾಳು.

"ಆಪಾ, ಕೋಳಿ ಬಂದ್ಬಿಡ್ತಲ್ಲ!" ಟ್ರಂಪೆಟ್ಟಿನ ಅಹ್ಮದ್ ಪಾಷಾ ನಗುತ್ತಾರೆ.

"ಬಾಯಿ ಮುಚ್ಚೋ. ಆ ಜಾಗದಲ್ಲಿ ನೀನು ಮೆಲ್ಲಗೆ ಊದು. ಜೋರಾಗಿ ಊದಿದ್ರೆ ನನ್ನ ಗಂಟಲು ಸುಮ್ನಿರಲ್ಲ."

ಉಳಿದಿರುವುದು ಒಂದೇ ತಟ್ಟೆ. ಅದೂ ಹಾಳಾದರೆ ಕಂಪನಿಯವರು ಗಂಟುಮೂಟೆ ಕಟ್ಟಿ ಮದರಾಸಿಗೆ ಹೊರಡುತ್ತಾರೆ. ಈಗಲಾದರೂ ಕೊನೆಯ ನುಡಿ ಬಿಡುತ್ತೀರಾ ಎಂದು ಚಲುವಯ್ಯ ಮತ್ತೆ ಕೇಳುತ್ತಾರೆ. ಕಮರುನ್ನೀಸಾ ಆಗಲೇ ಮೈಕಿನ ಮುಂದಿದ್ದಾರೆ.

ಈ ಸಲ ಆ ಜಾಗ ಬರುತ್ತಲೇ ಸೆರಗಿನ ತುದಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿಯುತ್ತಾರೆ. ಪಾಷಾ ಮೆಲ್ಲಗೆ ಊದಿ ಹಿಂದೆ ಸರಿಯುತ್ತಾರೆ. ಕಮರುನ್ನೀಸಾ ಸೆರಗು ಬಿಟ್ಟು ಕೊನೆಯ ನುಡಿ ಎತ್ತಿಕೊಳ್ಳುತ್ತಾರೆ. ಅಂಜನ ಎಂಬಲ್ಲಿ ಅವಸರವಿಲ್ಲ. ಪಾರಾಯಣದಲ್ಲಿ ದೇವರ ಹೆಸರು ಬಂದಾಗ ದನಿ ತಂಗುವಷ್ಟು ಹೊತ್ತು ತಂಗುತ್ತಾರೆ. ದೀಪ ಆರುತ್ತದೆ. ಚಲುವಯ್ಯ ತಲೆಯಾಡಿಸಿ ತಟ್ಟೆಯನ್ನು ಪೆಟ್ಟಿಗೆಗೆ ಇಳಿಸುತ್ತಾರೆ.

ಪ್ಲೇಟಿನ ನಡುವೆ ಅಂಟಿಸುವ ಕಾಗದದಲ್ಲಿ ಹಾಡಿದವರ ಹೆಸರು ಮಾತ್ರ ಇರುತ್ತದಂತೆ, ಕಟ್ಟಿದವರದ್ದಲ್ಲ. ಬೇಸರವಿಲ್ಲವೇ ಎಂದು ಕೇಳಿದರೆ ಕಮರುನ್ನೀಸಾ ಸೆರಗಿನ ಒದ್ದೆ ತುದಿಯನ್ನು ಹಿಂಡುತ್ತ ಹೇಳುತ್ತಾರೆ:

"ಅಂಟಿಸ್ಲಿ ಬಿಡಿ. ಕಾಗದ ಒಂದಿನ ಉದುರೋಗುತ್ತೆ. ಅವರ ಹೆಸರು ಪ್ಲೇಟಿನ ಗೀರಲ್ಲೇ ಕೂತೈತೆ, ಅದನ್ನ ಯಾರ್ ಕೀಳ್ತಾರೆ?"