ಇದ್ದಿಲ ಚೀಲ ಕಟ್ಟಿಕೊಂಡು ಬಂದವಳು

೧೯೪೫ರ ಬೇಸಿಗೆ. ಚೊಚ್ಚಲ ಹೆರಿಗೆಗೆಂದು ನಾನು ಬೆಳಕವಾಡಿಯ ತವರಿಗೆ ಬಂದಿದ್ದೆ. ಆಗ ನನಗೆ ಹದಿನೆಂಟು ವರ್ಷ.

ನಮ್ಮೂರಲ್ಲಿ ಪುಟ್ಟತಾಯಮ್ಮ ಅಂತ ಸೂಲಗಿತ್ತಿ ಇದ್ದಳು. ನಾನು ಹುಟ್ಟಿದ್ದೂ ಅವಳ ಕೈಯಲ್ಲೇ. ಎರಡು ವರ್ಷದ ಹಿಂದೆ ಅವಳಿಗೆ ಕರುಳು ಕಟ್ಟಿಕೊಂಡು, ಮೈಸೂರಿನಲ್ಲಿ ಹೊಟ್ಟೆ ಕುಯ್ದು ಬದುಕಿಸಿದ್ದರು. ಆವತ್ತಿನಿಂದ ಮಲವೆಲ್ಲ ಹೊಟ್ಟೆಯ ಎಡಗಡೆ ಮಾಡಿದ ತೂತಿನಿಂದಲೇ ಬರುತ್ತಿತ್ತು. ಅದಕ್ಕೊಂದು ರಬ್ಬರ್ ಚೀಲ ಕೊಟ್ಟಿದ್ದರು. ಊರಿಗೆ ಬಂದ ಮೇಲೆ ಮೊದಲ ಹೆರಿಗೆಯಲ್ಲೇ ಬಾಣಂತಿ ಆ ಚೀಲದ ವಾಸನೆಗೆ ಸೆರಗಿನಲ್ಲಿ ಮೂಗು ಮುಚ್ಚಿಕೊಂಡಳಂತೆ. ಅವತ್ತಿನಿಂದ ಪುಟ್ಟತಾಯಮ್ಮ ಯಾರ ಮನೆಯ ಹೊಸ್ತಿಲೂ ತುಳಿದಿರಲಿಲ್ಲ.

ನನಗೆ ಬೆಳಗಿನ ಜಾವ ನೋವು ಶುರುವಾಯಿತು. ಹೊತ್ತು ನೆತ್ತಿಗೆ ಬಂದರೂ ಹೆರಿಗೆಯಾಗಲಿಲ್ಲ. ಮಗುವಿನ ಕಾಲು ಮೊದಲು ಬರುತ್ತಿದೆ, ನಮ್ಮ ಕೈಲಾಗದು ಎಂದು ಹೆರಿಗೆ ಮಾಡಿಸಲು ಬಂದಿದ್ದ ಹೆಂಗಸರು ಹಿಂದೆ ಸರಿದರು. ಗಾಡಿಯಲ್ಲಿ ಮಳವಳ್ಳಿ ಆಸ್ಪತ್ರೆ ಮುಟ್ಟುವಷ್ಟು ತ್ರಾಣ ನನಗಿರಲಿಲ್ಲ. ಅವ್ವ ಪುಟ್ಟತಾಯಮ್ಮನ ಮನೆಗೆ ಓಡಿದಳು.

ಅವಳು ಒಪ್ಪಲಿಲ್ಲವಂತೆ. ಮುಚ್ಚಿದ ಕೋಣೆ, ನೋವು ತಿನ್ನುವ ಹುಡುಗಿ, ನನ್ನ ವಾಸನೆಗೆ ಓಕರಿಸಿಕೊಂಡರೆ ಏನು ಗತಿ ಎಂದಳಂತೆ. ಅವ್ವ ಅವಳ ಕೈ ಹಿಡಿದುಕೊಂಡು ಹೇಳಿದಳಂತೆ: "ಆಗ್ಲಿಂದ ನಿನ್ನ ಮಗ್ಗುಲಲ್ಲೇ ನಿಂತಿವ್ನಿ. ಏನೂ ವಾಸ್ನೆ ಬತ್ತಿಲ್ಲ ಕಣೆ. ಬಾ."

ಅವಳು ಬಂದಳು. ಮೊಣಕೈವರೆಗೆ ಸೀಗೆಕಾಯಿ ಹಾಕಿ ಕೈ ಉಜ್ಜಿಕೊಂಡು, ನನ್ನ ಮುಖದ ಹತ್ತಿರ ಬಗ್ಗಿ ಮೆಲ್ಲಗೆ ಕೇಳಿದಳು: "ಏನಾರ ನಾತ ಬತ್ತದಾ ಮಗ? ಮುಚ್ಚಿಡ್ಬ್ಯಾಡ."

ಇಲ್ಲ ಎಂದು ತಲೆಯಾಡಿಸಿದೆ. ನಿಜವಾಗಿಯೂ ಇರಲಿಲ್ಲ. ಆಮೇಲೆ ಅವಳು ನನ್ನ ಬಿಟ್ಟು ಅಲ್ಲಾಡಲಿಲ್ಲ. ಒಂದು ಕೈಯಲ್ಲಿ ಆಗಾಗ ತನ್ನ ಎಡಪಕ್ಕೆ ಒತ್ತಿಕೊಳ್ಳುವಳು, ಮತ್ತೆ ಬಗ್ಗುವಳು. ಇಳಿಹೊತ್ತಿಗೆ ಮಗಳು ಹುಟ್ಟಿದಳು. ಮೊದಲು ಅಳಲಿಲ್ಲ. ಪುಟ್ಟತಾಯಮ್ಮ ಬೆನ್ನು ತಿಕ್ಕಿ ತಿಕ್ಕಿ ಅಳಿಸಿದಳು.

ವಾರ ಕಳೆದು ಅವಳು ನನಗೂ ಮಗುವಿಗೂ ನೀರು ಹಾಕಲು ಬಂದಾಗ, ವಾಸನೆ ಹೇಗೆ ತಡೆದೆ ಎಂದು ಕೇಳಿಯೇಬಿಟ್ಟೆ. ಅವಳು ನಾಚಿಕೊಳ್ಳದೆ ಸೆರಗು ಸರಿಸಿ ತೋರಿಸಿದಳು. ರಬ್ಬರ್ ಚೀಲದ ಮೇಲೆ ಇನ್ನೊಂದು ಬಟ್ಟೆ ಚೀಲ. ಅದರ ಎರಡು ಪದರದ ನಡುವೆ ನಾತ ಹೀರಿಕೊಳ್ಳುವ ಇದ್ದಿಲ ಪುಡಿ ತುಂಬಿ, ಹಾಸಿಗೆಯ ಹಾಗೆ ಹೊಲಿದಿದ್ದಳು. ರಬ್ಬರ್ ಚೀಲವನ್ನು ದಿನಕ್ಕೆರಡು ಸಲ ಅಂಟುವಾಳದ ನೀರಲ್ಲೂ ನಿಂಬೆಹುಳಿಯಲ್ಲೂ ತೊಳೆದು ನೆರಳಲ್ಲಿ ಆರಿಸುತ್ತಿದ್ದಳಂತೆ. ಈರುಳ್ಳಿ, ಮೊಟ್ಟೆ, ಹುರುಳಿ ಬಿಟ್ಟು ಮಜ್ಜಿಗೆ ಹೆಚ್ಚು ಕುಡಿಯುತ್ತಿದ್ದಳು. ಯಾವುದು ತಿಂದರೆ ಏನಾಗುತ್ತದೆ ಎಂದು ತಿಂಗಳುಗಟ್ಟಲೆ ತಾನೇ ನೋಡಿ ಕಲಿತದ್ದು. ಆದರೆ ತನ್ನ ಮೂಗಿಗೆ ರೂಢಿಯಾದ ನಾತವನ್ನು ಗೆದ್ದೆನೋ ಇಲ್ಲವೋ ಅವಳಿಗೇ ಗೊತ್ತಿರಲಿಲ್ಲ. ಹತ್ತಿರ ಬಂದು ಹೇಳುವವರು ಯಾರೂ ಇರಲಿಲ್ಲವಲ್ಲ.

ಆಮೇಲೆ ಅವಳು ಕರೆದವರ ಮನೆಗೆಲ್ಲ ಹೋದಳು. ಯಾರೂ ಕರೆಯದ ಆ ದಿನಗಳಲ್ಲಿ, ಯಾರೂ ನೋಡದ ಹಿತ್ತಲಲ್ಲಿ, ಅವಳು ಒಬ್ಬಳೇ ಇಷ್ಟೆಲ್ಲ ಮಾಡಿಕೊಂಡು ಕೂತಿದ್ದಳಲ್ಲ, ಅದನ್ನು ನೆನೆದರೆ ಈ ವಯಸ್ಸಿನಲ್ಲೂ ನನ್ನ ಮೈ ಜುಮ್ಮೆನ್ನುತ್ತದೆ.